ನೀರುಗಂಟಿಯಾಗುವಾಸೆ

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಮರುದಿನದ ಪತ್ರಿಕೆಯನ್ನು ನಾನು ಓದುವುದಿಲ್ಲ, ಕಣ್ಣಾಡಿಸುತ್ತೇನೆ. ಓದಲು ಏನಿದೆ? 625ಕ್ಕೆ 625 ತೆಗೆದ ಹುಡುಗಿ, ಅತ್ತ ಅಪ್ಪ, ಇತ್ತ ಅಮ್ಮ, ನಡುವೆ ಬಾಯೊಳಗೆ ಅರ್ಧ ಹೋಗಿ ಅಲ್ಲೇ ನಿಂತ ಪೇಡ. ಕೆಳಗೆ ಒಂದೇ ಸಾಲು: ‘ಐಎಎಸ್ ಅಧಿಕಾರಿಯಾಗಿ ಸಮಾಜಸೇವೆ ಮಾಡುವಾಸೆ.’ ಹೋದ ವರ್ಷದ ಅಚ್ಚುಮೊಳೆಯನ್ನೇ ಮತ್ತೆ ಜೋಡಿಸಿದಂತಿರುತ್ತದೆ.

ಆ ಪೇಡದ ಕಷ್ಟ ಬೇರೆ. ಒಬ್ಬ ಛಾಯಾಗ್ರಾಹಕ ಹೋದರೆ ಇನ್ನೊಬ್ಬ ಬರುತ್ತಾನೆ. ಅದೇ ಪೇಡ, ಮತ್ತೆ ಬಾಯಿ ತೆರೆ. ನಮ್ಮ ಬೀದಿಯ ಹುಡುಗನೊಬ್ಬ ಐದನೆಯ ಸಲಕ್ಕೆ ತಡೆಯಲಾರದೆ ಅಮ್ಮನ ಬೆರಳಿನ ಸಮೇತ ಕಚ್ಚಿಬಿಟ್ಟ. ಆ ಚಿತ್ರ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಅಂದು ತೆಗೆದ ಚಿತ್ರಗಳಲ್ಲಿ ನಿಜವಾದದ್ದು ಅದೊಂದೇ.

ಸೇವೆಯೇ ಮಾಡಬೇಕಿದ್ದರೆ ಪಂಚಾಯಿತಿಯ ನೀರುಗಂಟಿ ಆಗಬಹುದಲ್ಲ! ಜಿಲ್ಲಾಧಿಕಾರಿ ವರ್ಗವಾದರೆ ಊರಿಗೆ ಗೊತ್ತೇ ಆಗುವುದಿಲ್ಲ. ನೀರುಗಂಟಿ ಎರಡು ದಿನ ಮಲಗಿದರೆ ಊರಿಗೆ ಊರೇ ಖಾಲಿ ಕೊಡ ಹಿಡಿದು ನಿಲ್ಲುತ್ತದೆ. ಆದರೆ ‘ನೀರುಗಂಟಿಯಾಗುತ್ತೇನೆ’ ಎಂದ ಮಗುವಿನ ಬಾಯಿಗೆ ಪೇಡ ಇಟ್ಟ ತಾಯಿಯನ್ನು ನಾನಿನ್ನೂ ಕಂಡಿಲ್ಲ.

ಹದಿನೈದರಲ್ಲಿ ಆಡಿದ ಆ ಸಾಲು ಮುಂದೆ ಮೆಟ್ಟಿಲಿಳಿಯುತ್ತದೆ. ಐಎಎಸ್ ಹೋಗಿ ಕೆಎಎಸ್, ಅದು ಹೋಗಿ ಪಿಎಸ್‌ಐ, ಪಿಡಿಒ, ಎಫ್‌ಡಿಎ, ಕೊನೆಗೆ ಯಾವುದಾದರೂ ಸರಿ. ಧಾರವಾಡದಲ್ಲೊಂದು ಬಾಡಿಗೆ ಕೋಣೆ, ಇಲ್ಲವೇ ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗ್. ಸರ್ಕಾರಕ್ಕೂ ಈ ಮಕ್ಕಳ ಮೇಲೆ ಎಷ್ಟು ಅಕ್ಕರೆ! 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ಬರೆದವರು ಮರೆತುಬಿಟ್ಟಾರು ಎಂದು 2024ರಲ್ಲಿ ಮತ್ತೊಮ್ಮೆ ಬರೆಸಿತು. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯನ್ನು 2024ರ ಆಗಸ್ಟ್‌ನಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ನಡೆಸಿತು. ಕನ್ನಡ ಪ್ರಶ್ನೆ ಏನು ಹೇಳುತ್ತಿದೆ ಎಂದು ತಿಳಿಯಲು ಪಕ್ಕದ ಇಂಗ್ಲಿಷ್ ಓದಬೇಕಾದ ಸೊಬಗು ಎರಡು ಸಲವೂ ತಪ್ಪಲಿಲ್ಲ.

ಇದರಲ್ಲಿ ನಗುವುದಕ್ಕೇನಿದೆ? ಕನ್ನಡದಲ್ಲೇ ಓದಿ, ಅಪ್ಪನ ಎಮ್ಮೆ ಮಾರಿದ ದುಡ್ಡಿನಲ್ಲಿ ಕೋಣೆ ಹಿಡಿದು, ತಲೆಗೂದಲು ಉದುರಿಸಿಕೊಂಡವನಿಗೆ ಅವನ ಭಾಷೆಯನ್ನೇ ಕೆಡಿಸಿ ಕೈಗೆ ಕೊಡುತ್ತೀರಿ. ಉತ್ತರ ತಪ್ಪಾಯಿತೆಂದು ಅಂಕ ಕಳೆಯುತ್ತೀರಿ. ನೀವು ಮರುಪರೀಕ್ಷೆಯ ದಿನ ಗೊತ್ತುಮಾಡುವಷ್ಟರಲ್ಲಿ ಅವನ ವಯಸ್ಸು ಮೀರಿರುತ್ತದೆ. ಈಗ ಅವನು ಯಾರ ಬಳಿ ಹೋಗಿ ಯಾವ ಕೆಲಸ ಕಲಿಯಬೇಕು?