ಆ ಹುಡುಗಿಗೆ ನಾನು ಕಡಿಮೆ ಅಂಕ ಹಾಕಿದ್ದೆ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಕೆಲಸದ ಸಂದರ್ಶನದಲ್ಲಿ ಪ್ರಶ್ನೆ ಕೇಳುವವರ ಸಾಲಿನಲ್ಲಿ ನಾನೂ ಕೂತಿದ್ದೆ. ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ. ಒಬ್ಬಳು ಹುಡುಗಿ ಬಂದಳು. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟಳು. ಆದರೆ ಎರಡು ಮಾತಿಗೊಮ್ಮೆ ‘ಲೈಕ್’ ಅನ್ನುತ್ತಿದ್ದಳು. ವಾಕ್ಯ ಮುಗಿಯುವಾಗ ದನಿ ಪ್ರಶ್ನೆ ಕೇಳಿದ ಹಾಗೆ ಮೇಲೇರುತ್ತಿತ್ತು. ಅವಳು ಎದ್ದು ಹೋದ ಮೇಲೆ ಪಕ್ಕದವರು ‘ಇನ್ನೂ ಮಕ್ಕಳಾಟ ಬಿಟ್ಟಿಲ್ಲ’ ಅಂದರು. ನಾನೂ ತಲೆಯಾಡಿಸಿದೆ. ಕಡಿಮೆ ಅಂಕ ಹಾಕಿದೆ. ಕೆಲಸ ಬೇರೆಯವರಿಗೆ ಹೋಯಿತು.

ಅದು ಇವತ್ತಿಗೂ ಚುಚ್ಚುತ್ತದೆ. ಆಮೇಲೆ ಈ ವಿಷಯದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಓದಿದಷ್ಟೂ ಸಿಟ್ಟು ಬಂತು, ಮೊದಲು ನನ್ನ ಮೇಲೆ, ಆಮೇಲೆ ನನ್ನ ಹಾಗೆ ತಲೆಯಾಡಿಸುವ ಎಲ್ಲರ ಮೇಲೆ. ಇಂಗ್ಲಿಷಿಗೆ ಹೊಸ ಮಾತು ತಂದುಕೊಡುವವರು ಬಹಳ ಸಲ ಎಳೆಯರು. ಅದರಲ್ಲೂ ಹುಡುಗಿಯರು, ಅಮೆರಿಕದ ಕಪ್ಪು ಜನ. ಬೈಸಿಕೊಳ್ಳುವವರೂ ಅವರೇ. ಕೊನೆಗೆ ಅದೇ ಮಾತನ್ನು ಎಲ್ಲರೂ ಆಡುತ್ತಾರೆ. ಅಷ್ಟು ಹೊತ್ತಿಗೆ ಅದು ಯಾರಿಂದ ಬಂತು ಅನ್ನೋದು ಮರೆತೇ ಹೋಗಿರುತ್ತದೆ.

‘ಲೈಕ್’ ಕಥೆಯನ್ನೇ ನೋಡಿ. 1982ರಲ್ಲಿ ಅಮೆರಿಕದ ಸಂಗೀತಗಾರ ಫ್ರಾಂಕ್ ಜಪ್ಪಾ ತನ್ನ 14 ವರ್ಷದ ಮಗಳು ಮೂನ್ ಜೊತೆ ಒಂದು ಹಾಡು ಮಾಡಿದ. ಲಾಸ್ ಏಂಜಲೀಸ್ ಹತ್ತಿರದ ಸ್ಯಾನ್ ಫರ್ನಾಂಡೊ ವ್ಯಾಲಿಯ ಹುಡುಗಿಯರು ಮಾತಾಡುವ ರೀತಿಯನ್ನು ಅಣಕಿಸುವ ಹಾಡು ಅದು. ಹಾಡು ಹಿಟ್ ಆಯಿತು. ಅಣಕಿಸಿದ ಮಾತೂ ದೇಶ ಪೂರ್ತಿ ಹರಡಿತು! ಅಂದಿನಿಂದ ಜನರ ತಲೆಯಲ್ಲಿ ‘ಲೈಕ್’ ಅಂದರೆ ಪೆದ್ದು ಹುಡುಗಿಯ ಮಾತು ಅಂತ ಕೂತುಬಿಟ್ಟಿದೆ. ಆದರೆ ಭಾಷೆಯ ಬದಲಾವಣೆಯನ್ನು ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಡಾರ್ಸಿ ತೋರಿಸಿಕೊಟ್ಟ ಹಾಗೆ, ಮಾತಿನ ನಡುವೆ ‘ಲೈಕ್’ ಸೇರಿಸುವ ಅಭ್ಯಾಸ ಆ ಹುಡುಗಿಯರಿಗಿಂತ ತುಂಬಾ ಹಳೆಯದು. ಹಳ್ಳಿಗಳ ವಯಸ್ಸಾದವರ ಮಾತಿನಲ್ಲೂ ಅದು ಸಿಕ್ಕಿದೆ. ಆ ಮುದುಕರನ್ನು ಯಾರೂ ಪೆದ್ದರು ಅನ್ನಲಿಲ್ಲ, ಅಲ್ವಾ?

ಎಳೆಯರು ನಿಜವಾಗಿ ಹೊಸದಾಗಿ ಮಾಡಿದ್ದು ಇನ್ನೊಂದು ‘ಲೈಕ್’. ‘ಷಿ ವಾಸ್ ಲೈಕ್, ನೋ ವೇ’ ಅನ್ನುತ್ತಾರಲ್ಲ, ಅದು. ಭಾಷಾತಜ್ಞ ರೊನಾಲ್ಡ್ ಬಟರ್ಸ್ 1982ರಲ್ಲೇ ಅದನ್ನು ಗಮನಿಸಿ ‘ಅಮೆರಿಕನ್ ಸ್ಪೀಚ್’ ಪತ್ರಿಕೆಯಲ್ಲಿ ಬರೆದಿದ್ದರು. ನನಗೆ ತುಂಬಾ ಇಷ್ಟವಾದ ವಿಷಯ ಇದು. ‘ಸೆಡ್’ ಅಂದರೆ ಅವಳ ಬಾಯಿಂದ ಮಾತು ಬಂದಿರಲೇಬೇಕು. ‘ವಾಸ್ ಲೈಕ್’ ಅಂದರೆ ಬಂದಿರಬೇಕಾಗಿಲ್ಲ. ಮುಖದಲ್ಲಿ ಕಂಡಿದ್ದು, ಮನಸ್ಸಿನಲ್ಲೇ ಅಂದುಕೊಂಡಿದ್ದು, ಕೈಯಲ್ಲಿ ಮಾಡಿ ತೋರಿಸಿದ್ದು, ಎಲ್ಲ ಅದರೊಳಗೆ ಹಿಡಿಯುತ್ತದೆ. ನಮ್ಮ ಕನ್ನಡದಲ್ಲಿ ‘ಸಾಕಪ್ಪಾ ಅಂದಳು’ ಅನ್ನುವುದಕ್ಕೂ ‘ಸಾಕಪ್ಪಾ ಅನ್ನೋ ಥರ ನೋಡಿದಳು’ ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ಇಂಗ್ಲಿಷಿನಲ್ಲಿ ಇದಕ್ಕೆ ಇಷ್ಟು ಸಲೀಸಾದ ದಾರಿ ಇರಲಿಲ್ಲ. ಮಾಡಿಕೊಟ್ಟವರು ಎಳೆಯರು. ಮುಂದೆ ಡಾರ್ಸಿ ಮತ್ತು ಸಾಲಿ ಟ್ಯಾಗ್ಲಿಯಾಮಾಂಟೆ ಕೆನಡಾದ ಟೊರೊಂಟೊದಲ್ಲಿ ಜನರ ಮಾತನ್ನು ರೆಕಾರ್ಡ್ ಮಾಡಿ ನೋಡಿದಾಗ, ಎಳೆಯರ ಮಾತಿನಲ್ಲಿ ಇದು ‘ಸೆಡ್’ ಅನ್ನು ಹಿಂದೆ ಹಾಕಿಬಿಟ್ಟಿತ್ತು.

ಇದು ಹೇಗೆ ಆಗುತ್ತದೆ ಅನ್ನೋದನ್ನು ಅಮೆರಿಕದ ಭಾಷಾತಜ್ಞ ವಿಲಿಯಂ ಲಬೋವ್ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಮಗು ಮೊದಲು ಮಾತು ಕಲಿಯುವುದು ಹೆಚ್ಚಾಗಿ ತಾಯಿಯಿಂದ. ಸ್ವಲ್ಪ ದೊಡ್ಡದಾದ ಮೇಲೆ ಜೊತೆಯವರ ಮಾತಿನ ಕಡೆ ವಾಲುತ್ತದೆ. ಹದಿಹರೆಯದಲ್ಲಿ ಅದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯುತ್ತದೆ. ಆಮೇಲೆ ಮಾತು ಹೆಚ್ಚು ಕಡಿಮೆ ಗಟ್ಟಿಯಾಗುತ್ತದೆ. ಹೊಸ ಉಚ್ಚಾರಣೆಗಳಲ್ಲಿ ಸಾಮಾನ್ಯವಾಗಿ ಹೆಂಗಸರು ಒಂದು ತಲೆಮಾರಿನಷ್ಟು ಮುಂದೆ ಇರುತ್ತಾರೆ ಅಂತಲೂ ಅವರು ಕಂಡುಕೊಂಡರು. ಅಂದರೆ ಆ ಹುಡುಗಿಯ ಮಾತಿಗೆ ನಾನು ಅಂಕ ಕಳೆದದ್ದು, ಮುಂದೆ ಎಲ್ಲರೂ ಆಡಬಹುದಾದ ಇಂಗ್ಲಿಷನ್ನು ಅವಳು ಸ್ವಲ್ಪ ಮೊದಲೇ ಆಡಿದ್ದಕ್ಕೆ.

ಬೈಯುವುದೇನೂ ಹೊಸದಲ್ಲ. 1710ರಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ‘ದಿ ಟ್ಯಾಟ್ಲರ್’ ಪತ್ರಿಕೆಯಲ್ಲಿ ಇದೇ ಗೋಳು ಹೇಳಿಕೊಂಡಿದ್ದ. ದೊಂಬಿ ಗುಂಪು ಅನ್ನುವ ಅರ್ಥದ ‘ಮಾಬ್’ ಪದ ಅವನಿಗೆ ಆಗುತ್ತಿರಲಿಲ್ಲ. ಲ್ಯಾಟಿನ್‌ನ ‘ಮೊಬಿಲೆ ವುಲ್ಗುಸ್’ ಅನ್ನುವುದನ್ನು ಕತ್ತರಿಸಿ ಮಾಡಿದ ಪದ ಅದು. ಇವತ್ತು ಸುದ್ದಿ ಓದುವವರೂ ‘ಮಾಬ್’ ಅನ್ನುತ್ತಾರೆ. ‘ಓಕೆ’ ಅಚ್ಚಿನಲ್ಲಿ ಮೊದಲು ಕಂಡದ್ದು 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿ. ‘ಆಲ್ ಕರೆಕ್ಟ್’ ಅನ್ನುವುದನ್ನು ‘oll korrect’ ಅಂತ ಬೇಕೆಂದೇ ತಪ್ಪು ಸ್ಪೆಲ್ಲಿಂಗ್‌ನಲ್ಲಿ ಬರೆದು, ಅದರ ಮೊದಲ ಅಕ್ಷರಗಳನ್ನು ತೆಗೆದುಕೊಂಡ ತಮಾಷೆ. ಆ ಕಾಲದಲ್ಲಿ ಇಂಥ ಕಿರುಪದಗಳ ಹುಚ್ಚು ಜೋರಾಗಿತ್ತು. ಉಳಿದವು ಸತ್ತವು. ಇದೊಂದು ಭೂಮಿಯನ್ನೆಲ್ಲ ಸುತ್ತಿತು.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ‘ವೋಕ್’. ಅಲಬಾಮದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಸುಳ್ಳು ಅತ್ಯಾಚಾರದ ಆರೋಪ ಹೊರಿಸಿದ್ದು 1931ರಲ್ಲಿ. ಲೆಡ್ ಬೆಲ್ಲಿ ಅನ್ನುವ ಗಾಯಕ ಅವರ ಬಗ್ಗೆ ಹಾಡು ಕಟ್ಟಿ, ಅದರ ರೆಕಾರ್ಡಿಂಗ್‌ನಲ್ಲಿ ಆ ಕಡೆ ಹೋಗುವವರಿಗೆ ‘ಸ್ಟೇ ವೋಕ್’ ಅಂತ ಹೇಳುತ್ತಾನೆ. ಎಚ್ಚರವಾಗಿರಿ, ಜೀವ ಉಳಿಸಿಕೊಳ್ಳಿ ಅಂತ. 1962ರಲ್ಲಿ ಕಪ್ಪು ಲೇಖಕ ವಿಲಿಯಂ ಮೆಲ್ವಿನ್ ಕೆಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಕಪ್ಪು ಜನರ ಪದಗಳನ್ನು ಬಿಳಿಯರು ಎತ್ತಿಕೊಳ್ಳುವ ಬಗ್ಗೆಯೇ ಬರೆದ. ಆ ಲೇಖನದ ತಲೆಬರಹದಲ್ಲೂ ‘ವೋಕ್’ ಇತ್ತು. 2014ರ ನಂತರ ಪೊಲೀಸ್ ಹಿಂಸೆಯ ವಿರುದ್ಧದ ಹೋರಾಟದ ಜೊತೆ ಆ ಪದ ಎಲ್ಲೆಡೆ ಹೋಯಿತು. ಈಗ ಅದನ್ನು ಕೇಳುವುದು ಹೆಚ್ಚಾಗಿ ಬೈಗುಳವಾಗಿ. ಜೀವ ಉಳಿಸಿಕೊಳ್ಳಲು ಹೇಳಿಕೊಂಡ ಒಂದು ಮಾತನ್ನು ಕಸಿದುಕೊಂಡು, ಹೇಳಿದವರ ಮೇಲೇ ತಿರುಗಿಸಿದ ಹಾಗಾಯಿತು. ಭಾಷೆ ಹರಿಯುವ ನೀರು, ಪದಕ್ಕೆ ಯಜಮಾನರಿಲ್ಲ ಅನ್ನುತ್ತಾರೆ. ಒಪ್ಪುತ್ತೇನೆ. ಆದರೂ ಇದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ.

‘ಕೂಲ್’ ಜಾಜ್ ಸಂಗೀತದ ಕಪ್ಪು ಕಲಾವಿದರಿಂದ ಬಂದು ಎಲ್ಲರದ್ದೂ ಆಗಲು ದಶಕಗಳೇ ಹಿಡಿದವು. ಈಗ ಟಿಕ್‌ಟಾಕ್ ಕಾಲದಲ್ಲಿ ಕೆಲವು ವಾರ ಸಾಕು. ಮನಸೆಳೆಯುವ ಮೋಡಿ ಅನ್ನುವ ಅರ್ಥದ ‘ರಿಜ್’ ಪದವನ್ನು, ಇಂಟರ್ನೆಟ್ಟಿನಲ್ಲಿ ನೇರಪ್ರಸಾರ ಮಾಡುವ ಕೈ ಸೆನಾಟ್ ಅನ್ನುವ ಎಳೆಯ ಸ್ಟ್ರೀಮರ್ ಹಬ್ಬಿಸಿದ. 2023ರಲ್ಲಿ ಆಕ್ಸ್‌ಫರ್ಡ್ ಅದನ್ನೇ ವರ್ಷದ ಪದ ಅಂತ ಆರಿಸಿತು. ಎಷ್ಟು ಬೇಗ ಬರುತ್ತವೋ ಅಷ್ಟೇ ಬೇಗ ಹಳಸುತ್ತವೆ. ಇಂಥವನ್ನು ಸುಮ್ನೆ ‘ಜೆನ್ ಜೀ ಪದಗಳು’, ಅಂದರೆ ಈಗಿನ ಎಳೆಯರ ಪದಗಳು, ಅಂತ ಪಟ್ಟಿ ಮಾಡಿ ಹಂಚುತ್ತಾರೆ. ಆ ಪಟ್ಟಿಗಳಲ್ಲಿ ಬರುವ ‘ಸ್ಲೇ’ (ಮಿಂಚುವುದು), ‘ಶೇಡ್’ (ಮೂದಲಿಕೆ) ತರಹದವು ನ್ಯೂಯಾರ್ಕಿನ ಕಪ್ಪು ಮತ್ತು ಲ್ಯಾಟಿನೊ ಸಲಿಂಗಿಗಳು, ಟ್ರಾನ್ಸ್ ಜನ ವೇಷ, ಕುಣಿತದ ಸ್ಪರ್ಧೆಗಳಿಗಾಗಿ ಕಟ್ಟಿಕೊಂಡ ಬಾಲ್‌ರೂಮ್ ಬಳಗದಲ್ಲಿ ದಶಕಗಳಿಂದ ಓಡಾಡಿದ ಪದಗಳು. ಅವರ ಹೆಸರು ಒಂದು ಸಾಲಿನಲ್ಲಾದರೂ ಬರಬೇಡವೇ?

1982ರಲ್ಲಿ 14 ವರ್ಷದವರಾಗಿದ್ದವರು ಈಗ ಅರವತ್ತರ ಹತ್ತಿರ ಇದ್ದಾರೆ. ವಯಸ್ಸಾದ ಮೇಲೆ ಸರಿಹೋಗುತ್ತಾರೆ ಅಂತ ಆಗ ಹಿರಿಯರು ಅಂದುಕೊಂಡಿದ್ದರು. ಅವರಲ್ಲಿ ಎಷ್ಟೋ ಜನ ಇಂದಿಗೂ ‘ಐ ವಾಸ್ ಲೈಕ್’ ಅಂತಲೇ ಕಥೆ ಶುರುಮಾಡುತ್ತಾರೆ. ಅವರ ಮಕ್ಕಳೂ ಅಷ್ಟೇ.

ನಾನು ಈಗಲೂ ಆಗಾಗ ಸಂದರ್ಶನಕ್ಕೆ ಕೂರುತ್ತೇನೆ. ಹಾಳೆಯಲ್ಲಿ ‘ಮಾತಿನ ಶೈಲಿ’ ಅಂತ ಒಂದು ಖಾನೆ ಇರುತ್ತದೆ. ಅದನ್ನು ಖಾಲಿ ಬಿಡುತ್ತೇನೆ. ಯಾಕೆ ಅಂತ ಕೇಳಿದರೆ ಆ ಹುಡುಗಿಯ ವಿಷಯ ಹೇಳುತ್ತೇನೆ.