ಏಳು ಫೋಲ್ಡರ್‌ಗಳಲ್ಲಿ ಒಂದೇ ನಾಮಕರಣ

ನಿನ್ನೆ ರಾತ್ರಿ ಊಟಕ್ಕೆ ಬಂದಿದ್ದ ಭಾವ, ಎಲೆಯಡಿಕೆ ಮುಗಿದ ಮೇಲೆ ಕೈಚೀಲದಿಂದ ಒಂದು ಟಿಬಿಯ ಹಾರ್ಡ್ ಡಿಸ್ಕ್ ತೆಗೆದು, "ಇದು ತುಂಬಿಹೋಯಿತು ಮಾರಾಯ, ಎರಡು ಟಿಬಿಯದ್ದು ಯಾವುದು ತೆಗೆದುಕೊಳ್ಳಲಿ?" ಎಂದು ಕೇಳಿದರು. ಊರಿನವರ ಕಂಪ್ಯೂಟರ್ ರಿಪೇರಿಯೆಲ್ಲ ನನ್ನ ಪಾಲಿಗೇ ಬರುವುದು ನಿಮಗೆ ಹೊಸದಲ್ಲ. ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದೆ. 'ಬ್ಯಾಕಪ್', 'ಬ್ಯಾಕಪ್ ಹೊಸದು', 'ಬ್ಯಾಕಪ್ ಹೊಸದು 2', 'ಫೈನಲ್', 'ಫೈನಲ್ ನಿಜವಾದದ್ದು' ಎಂದು ಶುರುವಾಗಿ ಒಟ್ಟು ಏಳು ಫೋಲ್ಡರ್‌ಗಳು. ಒಂದೊಂದೂ ಸುಮಾರು 120 ಜಿಬಿ, ಏಳರಲ್ಲೂ ಮೊಮ್ಮಗಳ ನಾಮಕರಣದ ಅವೇ ಫೋಟೋಗಳು.

"ಒಂದು ಟಿಬಿ ಎಂದು ಕೊಟ್ಟು 931 ಜಿಬಿ ತೋರಿಸುತ್ತಾರೆ, ಮೋಸ" ಎಂಬುದು ಅವರ ಇನ್ನೊಂದು ದೂರು. ಕೆಬಿ, ಎಂಬಿ, ಜಿಬಿ ಎಂಬ ಒಂದೊಂದು ಮೆಟ್ಟಿಲನ್ನೂ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಯಾರೂ ಏನನ್ನೂ ಕದ್ದಿಲ್ಲ. ಕದ್ದವರು ಆ ಏಳು ಫೋಲ್ಡರ್‌ಗಳು.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಮೊದಲ ಸಲ ಪೂರ್ತಿ ನಕಲು ಮಾಡಿಟ್ಟು, ಮುಂದಿನ ಸಲಗಳಲ್ಲಿ ಬದಲಾದ ಕಡತಗಳನ್ನಷ್ಟೇ ಸೇರಿಸುತ್ತ ಹೋಗುವ ಇನ್‌ಕ್ರಿಮೆಂಟಲ್ ಬ್ಯಾಕಪ್ ಬಂದು ಎಷ್ಟೋ ಕಾಲವಾಯಿತು. ಆಪಲ್‌ನ ಮ್ಯಾಕ್ ಕಂಪ್ಯೂಟರ್‌ಗಳಲ್ಲಿರುವ ಬ್ಯಾಕಪ್ ತಂತ್ರಾಂಶ ಟೈಮ್ ಮಷೀನ್ ಕಳೆದ 24 ಗಂಟೆಗಳದ್ದನ್ನು ಗಂಟೆಗೊಂದರಂತೆ, ಕಳೆದ ತಿಂಗಳಿನದನ್ನು ದಿನಕ್ಕೊಂದರಂತೆ, ಅದಕ್ಕೂ ಹಿಂದಿನದನ್ನು ವಾರಕ್ಕೊಂದರಂತೆ ಉಳಿಸಿಕೊಂಡು, ಜಾಗ ಮುಗಿದಾಗ ಅತ್ಯಂತ ಹಳೆಯದನ್ನು ತಾನೇ ಅಳಿಸುತ್ತದೆ. ವಿಂಡೋಸ್‌ನ ಬ್ಯಾಕಪ್ ಸೌಲಭ್ಯ ಫೈಲ್ ಹಿಸ್ಟರಿಯಾದರೋ ನಾವು ಹೇಳದಿದ್ದರೆ ಎಲ್ಲವನ್ನೂ ಶಾಶ್ವತವಾಗಿ ಇಟ್ಟುಕೊಳ್ಳುತ್ತದೆ, ಥೇಟ್ ನಮ್ಮ ಭಾವನಂತೆ. ಆದರೆ ಜಾಗ ಬೇಕಾಗುವವರೆಗೆ ಮಾತ್ರ ಇಡು ಎಂದು ಬದಲಿಸುವ ಆಯ್ಕೆ ಅದರ ಸೆಟ್ಟಿಂಗ್ಸ್‌ನಲ್ಲಿದೆ. ಭಾವನಿಗೆ ಸೆಟ್ಟಿಂಗ್ಸ್ ಇಲ್ಲ.

"ಡಿಸ್ಕ್ ಈಗ ಅಗ್ಗ, ಆರಿಸುತ್ತ ಕೂರಲು ಸಮಯ ಯಾರಿಗಿದೆ?" ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಒಂದೇ ಡಿಸ್ಕಿನಲ್ಲಿರುವ ಏಳು ನಕಲುಗಳು, ಅದು ಮೇಜಿನಿಂದ ಬಿದ್ದು ಕೆಟ್ಟ ದಿನ, ಏಳೂ ಒಟ್ಟಿಗೇ ಹೋಗುತ್ತವೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದಾಚೆ ಎಂಬ 3-2-1ರ ಸೂತ್ರದಲ್ಲಿ ಇವರ ಏಳೂ ಸೇರಿ ಒಂದೇ ಪ್ರತಿ. ಮನೆಯಿಂದಾಚೆಯ ಪ್ರತಿಯನ್ನು ಗೂಗಲ್‌ನಲ್ಲಿ ಇಡೋಣವೆಂದರೆ, ಅದು ಉಚಿತವಾಗಿ ಕೊಡುವ 15 ಜಿಬಿಯಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳಬೇಕು. ಆರಿಸದೆ ಅಲ್ಲಿಗೂ ಏನನ್ನೂ ಕಳಿಸಲಾಗದು.

ನಾನೇನೂ ಸಾಚಾ ಅಲ್ಲ. ನಾಲ್ಕು ವರ್ಷಗಳ ಹಿಂದೆ ಲ್ಯಾಪ್‌ಟಾಪಿನಲ್ಲಿ ಜಾಗ ಮಾಡುವ ಭರದಲ್ಲಿ ಅಪ್ಪನ ಗಮಕ ವಾಚನದ ಮೂರು ಧ್ವನಿಮುದ್ರಣಗಳಿದ್ದ ಫೋಲ್ಡರನ್ನು ಅಳಿಸಿದೆ. ಅದೇ ರಾತ್ರಿ ಮಿರರ್ ಬ್ಯಾಕಪ್ ಓಡಿಸಿದೆ. ಮಿರರ್ ಎಂದರೆ ಕನ್ನಡಿ. ಇಲ್ಲಿ ಇಲ್ಲದ್ದನ್ನು ಅದು ಅಲ್ಲಿಯೂ ಉಳಿಸುವುದಿಲ್ಲ. ಅಪ್ಪ ಈಗಿಲ್ಲ. ಅಂದಿನಿಂದ ಅಳಿಸುವ ಮುನ್ನ ಒಂದೊಂದು ಫೋಲ್ಡರನ್ನೂ ತೆರೆದು ನೋಡುತ್ತೇನೆ, ಆದರೆ ಏಳು ಸಲ ನಕಲು ಮಾಡುವುದಿಲ್ಲ.

ಇದನ್ನೆಲ್ಲ ಭಾವನಿಗೆ ರಾತ್ರಿ ಹನ್ನೊಂದರವರೆಗೆ ವಿವರಿಸಿದೆ. ತಲೆಯಾಡಿಸಿ ಹೋದರು. ಬೆಳಿಗ್ಗೆ ಮೆಸೇಜ್ ಬಂದಿದೆ: "ಎರಡು ಟಿಬಿಯದ್ದು ಆರ್ಡರ್ ಮಾಡಿದೆ. ಹಳೆಯದನ್ನೆಲ್ಲ ಅದಕ್ಕೆ ಹಾಗೆಯೇ ಕಾಪಿ ಮಾಡಿಕೊಡುತ್ತೀಯಾ?"