ಅಂಗಡಿ ಲೆಕ್ಕ ಕ್ಲೌಡ್‌ನಲ್ಲಿರಬೇಕಾ?

ಕ್ಲೌಡ್ ಅಂದರೆ ಲೆಕ್ಕವನ್ನು ಇಂಟರ್ನೆಟ್ ಮೂಲಕ ಬೇರೊಂದು ಕಂಪನಿಯ ಕಂಪ್ಯೂಟರಿನಲ್ಲಿ ಇಡುವುದು. ಅದರ ಬಗ್ಗೆ ಇಬ್ಬರ ಮಾತು.

ಪರ: ಸಿಮೆಂಟ್ ಹೋದರೆ ಹೋಗಲಿ, ಉದ್ರಿ?

ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಹಿಂದೆ ದೀಪಾವಳಿಗೆ ಕಿರ್ದಿ ಪುಸ್ತಕಕ್ಕೆ ಪೂಜೆ ಮಾಡುತ್ತಿದ್ದೆವು. ಈಗ ಸಿಪಿಯುಗೆ ಕುಂಕುಮ, ಮೇಲೊಂದು ಚೆಂಡುಹೂವು. ಆ ಸಿಪಿಯು ಕೂತಿದ್ದು ಮೇಜಿನ ಕೆಳಗೆ, ನೆಲದ ಮೇಲೆ. ಒಂದು ಮಳೆಗಾಲದ ರಾತ್ರಿ ಚರಂಡಿ ಉಕ್ಕಿ ಶಟರ್ ಕೆಳಗಿಂದ ನೀರು ನುಗ್ಗಿತು. ಬೆಳಿಗ್ಗೆ ಬಂದು ನೋಡಿದರೆ ಮೊಣಕಾಲುದ್ದ ನೀರು. ಬ್ಯಾಕಪ್ ಇರಲಿಲ್ಲ ಅಂತಲ್ಲ. ಯುಗಾದಿ ಹೊತ್ತಿಗೆ ತೆಗೆದ ಒಂದು ಪೆನ್‌ಡ್ರೈವ್ ಕೆಳಗಿನ ಡ್ರಾಯರಿನಲ್ಲಿತ್ತು. ಅದೂ ನೀರು ಕುಡಿದಿತ್ತು.

ಗಟ್ಟಿಯಾದ ಸಿಮೆಂಟ್ ಮೂಟೆ ಎಣಿಸಿ ಇಷ್ಟು ನಷ್ಟ ಅನ್ನಬಹುದು. ಉದ್ರಿ ಲೆಕ್ಕವನ್ನು ಎಲ್ಲಿಂದ ತರುವುದು? ಯಾವ ಮೇಸ್ತ್ರಿ ಎಷ್ಟು ಕೆಜಿ ಮೊಳೆ, ಎಷ್ಟು ಪೈಪ್ ಒಯ್ದ ಅನ್ನುವುದು ಆ ಡಬ್ಬದೊಳಗೆ ಮಾತ್ರ ಇತ್ತು. ‘ನಿಮ್ಮದೆಷ್ಟು ಬಾಕಿ?’ ಅಂತ ನಾವೇ ಅವರನ್ನು ಕೇಳುತ್ತ ಹೋದೆವು. ಒಬ್ಬ ಮೇಸ್ತ್ರಿ ಚೀಟಿಗಳನ್ನೆಲ್ಲ ಹಾಲಿನ ಕವರಿನಲ್ಲಿ ಸುತ್ತಿಟ್ಟಿದ್ದ. ತಂದು ಪೈಸೆ ಬಿಡದೆ ಎಣಿಸಿದ. ಇನ್ನು ಕೆಲವರು ಅಂದಿನಿಂದ ಎದುರು ಸಾಲಿನ ಅಂಗಡಿಗೆ ಹೋಗತೊಡಗಿದರು.

ತಮಾಷೆ ಏನು ಗೊತ್ತಾ? ಜಿಎಸ್‌ಟಿ ನಂಬರ್ ಇರುವ ಗಿರಾಕಿಗಳ ಬಿಲ್ಲುಗಳು ಹಿಂದಿನ ತಿಂಗಳ ತನಕ ಸಿಕ್ಕವು. ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್ ಹಾಕಿದ್ದೆವಲ್ಲ, ಸರ್ಕಾರದ ಜಿಎಸ್‌ಟಿ ಪೋರ್ಟಲ್‌ನಲ್ಲಿದ್ದವು. ನಾವು ಕೊಂಡ ಮಾಲಿನ ವಿವರವೂ ಅಲ್ಲೇ ಇತ್ತು. ‘ನಮ್ಮ ಲೆಕ್ಕ ಯಾರದೋ ಕಂಪ್ಯೂಟರಿನಲ್ಲಿ ಯಾಕಿರಬೇಕು’ ಅನ್ನುವವರಿಗೆ ನಾನು ಹೇಳುವುದು ಇದನ್ನೇ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗಿನಿಂದ ಅರ್ಧ ಲೆಕ್ಕ ಹೇಗೂ ಅಲ್ಲಿಗೆ ಹೋಗುತ್ತಿದೆ, ಸರ್ಕಾರಕ್ಕೆ ಬೇಕಾದ ಅರ್ಧ. ನಮಗೆ ಬೇಕಾದ ಅರ್ಧವನ್ನು ಮಾತ್ರ ಚರಂಡಿ ಪಕ್ಕ ಇಟ್ಟುಕೊಂಡು ಕೂತಿದ್ದೇವೆ.

ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಜೋಪಾನ ಮಾಡಬೇಕು ಅನ್ನುತ್ತದೆ ಜಿಎಸ್‌ಟಿ ಕಾನೂನು. ನಮ್ಮ ಧೂಳು, ನಮ್ಮ ಕರೆಂಟು ತಡೆದುಕೊಂಡು ಒಂದು ಹಾರ್ಡ್‌ಡಿಸ್ಕ್ ಆರು ವರ್ಷ ಬಾಳೀತು ಅನ್ನುವ ಧೈರ್ಯ ನನಗಿಲ್ಲ. ಕಂಪನಿ ಅಂತ ನೋಂದಾಯಿಸಿಕೊಂಡವರು ದಿನಾ ಭಾರತದೊಳಗಿನ ಸರ್ವರ್‌ನಲ್ಲಿ ಬ್ಯಾಕಪ್ ಇಡಬೇಕು ಅಂತ 2022ರಲ್ಲಿ ನಿಯಮ ಬಂತು. ನಮ್ಮಂಥ ಅಂಗಡಿಗಳಿಗೆ ಅದು ಇಲ್ಲ. ಇದ್ದಿದ್ದರೆ ಬೈದುಕೊಂಡಾದರೂ ಮಾಡಿರುತ್ತಿದ್ದೆವು.

ಈಗ ಬಿಲ್ ಹಾಕಿದ ಕೂಡಲೇ ಕ್ಲೌಡ್‌ಗೆ ಹೋಗುತ್ತದೆ. ಆಡಿಟರ್ ತಮ್ಮ ಆಫೀಸಿನಲ್ಲೇ ಕೂತು ನೋಡುತ್ತಾರೆ. ಅವರಲ್ಲಿಗೆ ಪೆನ್‌ಡ್ರೈವ್ ಒಯ್ದು ವೈರಸ್ ತರುವುದೂ ತಪ್ಪಿತು.

ವಿರೋಧ: ಒಟಿಪಿ ಯಾರ ಮೊಬೈಲಿಗೆ ಬರುತ್ತದೆ?

ನಾನು ಎಪಿಎಂಸಿ ಯಾರ್ಡಿನ ಮಂಡಿಗಳಿಗೆ ಲೆಕ್ಕ ಬರೆಯುವವನು. ಮೇಲಿನ ಕಥೆ ಓದಿ ಬೇಜಾರಾಯಿತು. ಆದರೆ ಕಂಪ್ಯೂಟರ್ ಅಂಗಡಿಯಲ್ಲಿದ್ದದ್ದು ತಪ್ಪಾ? ಪೆನ್‌ಡ್ರೈವ್ ಕೂಡ ಅದೇ ಕೋಣೆಯಲ್ಲಿತ್ತಲ್ಲ, ತಪ್ಪು ಅದು. ಕ್ಲೌಡ್‌ನವರೂ ಇದೇ ತಪ್ಪು ಮಾಡುತ್ತಾರೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಹೊತ್ತಿ ಉರಿಯಿತು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದ ಗಿರಾಕಿಗಳಿಗೆ ಎರಡೂ ಹೋದವು. ಮೋಡ ಅಂತ ಹೆಸರಿಟ್ಟರೂ ಅದೂ ಒಂದು ಕಟ್ಟಡವೇ, ಅಲ್ವಾ?

ನನ್ನ ಮುಖ್ಯ ತಕರಾರು ಬೀಗದ ಕೈ ಬಗ್ಗೆ. ಒಂದು ಮಂಡಿಯಲ್ಲಿ ಬಿಲ್ ಹಾಕುವ ಹುಡುಗ ತನ್ನದೇ ನಂಬರ್ ಕೊಟ್ಟು ಕ್ಲೌಡ್ ಖಾತೆ ತೆರೆದಿದ್ದ. ಆಮೇಲೆ ಜಗಳವಾಗಿ ಕೆಲಸ ಬಿಟ್ಟ. ಮಾರ್ಚ್ ಕೊನೆಯ ವಾರ ಹೊಸ ಕಂಪ್ಯೂಟರಿನಲ್ಲಿ ಲಾಗಿನ್ ಮಾಡಿದರೆ ಒಟಿಪಿ ಅವನ ಮೊಬೈಲಿಗೆ! ಬೈದು ಕಳಿಸಿದ ಹುಡುಗನಿಗೇ ಸಾಹುಕಾರರು ಫೋನ್ ಮಾಡಿ ‘ಏನಪ್ಪಾ, ಊಟ ಆಯ್ತಾ’ ಅನ್ನಬೇಕಾಯಿತು. ಇನ್ನೊಂದು ಕಡೆ ವರ್ಷದ ಚಂದಾ ಜಾಸ್ತಿಯಾಯಿತು ಅಂತ ಬೇರೆ ಸಾಫ್ಟ್‌ವೇರ್‌ಗೆ ಹೊರಟೆವು. ಹಳೇ ಕಂಪನಿಯವರು ನಮ್ಮ ಲೆಕ್ಕ ನಮಗೆ ಕೊಟ್ಟರು, ಪಿಡಿಎಫ್‌ನಲ್ಲಿ. ಮೂರು ವರ್ಷದ ಖಾತೆಗಳನ್ನು ಕೂತು ಮತ್ತೆ ಟೈಪ್ ಮಾಡಿದವನು ನಾನು.

ದೊಡ್ಡವರ ಪಾಡೂ ಅಷ್ಟೇ. ನಯಾರಾ ಎನರ್ಜಿ ಗೊತ್ತಲ್ಲ, ನಮ್ಮ ಹೆದ್ದಾರಿಗಳಲ್ಲೂ ಅವರ ಪೆಟ್ರೋಲ್ ಬಂಕುಗಳಿವೆ. 2025ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟ ಅವರ ಮೇಲೆ ನಿರ್ಬಂಧ ಹಾಕಿತು. ಬೆನ್ನಿಗೇ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು. ಇಮೇಲ್ ಕೂಡ ತೆರೆಯದಂತಾಯಿತು. ಅವರು ದೆಹಲಿ ಹೈಕೋರ್ಟಿಗೆ ಹೋದರು, ಸೇವೆ ವಾಪಸ್ ಬಂತು. ಮಂಡಿ ಸಾಹುಕಾರರು ಯಾವ ಕೋರ್ಟಿಗೆ ಹೋಗಬೇಕು?

ಇನ್ನು ನೆಟ್. ಯಾರ್ಡಿಗೆ ಜೆಸಿಬಿ ಬಂತು ಅಂದರೆ ಫೈಬರ್ ಕಟ್ ಅಂತಲೇ ಅರ್ಥ. ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ಲಿಗೆ ಹೇಗೂ ನೆಟ್ ಬೇಕು ಅನ್ನಿ, ಅದನ್ನು ಮೊಬೈಲಿನಲ್ಲಿ ಮುಗಿಸಬಹುದು. ಆದರೆ ತೂಕ, ದರ ಹಾಕಿ ರೈತನ ಕೈಗೆ ಪಟ್ಟಿ ಕೊಡುವುದು ನಿಂತರೆ ಅಲ್ಲೇ ಗಲಾಟೆ.

ವೈರಸ್ ಭಯ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಫೋಲ್ಡರನ್ನು ಕ್ಲೌಡ್‌ಗೆ ಸುಮ್ನೆ ಸಿಂಕ್ ಮಾಡಿಟ್ಟರೆ, ಅಂದರೆ ಇಲ್ಲಿ ಬದಲಾದದ್ದು ಅಲ್ಲೂ ತಾನಾಗಿ ಬದಲಾಗುವಂತೆ ಇಟ್ಟರೆ, ವೈರಸ್ ಕೆಡಿಸಿದ ಫೈಲೂ ಅಲ್ಲಿಗೆ ಹೋಗಿ ಹಳೆಯದರ ಜಾಗದಲ್ಲಿ ಕೂರುತ್ತದೆ. ವೈರ್ ಕಿತ್ತು ಬೀರುವಿನಲ್ಲಿಟ್ಟ ಡಿಸ್ಕಿಗೆ ಆ ವೈರಸ್ ಹೇಗೆ ತಲುಪೀತು?

ನಾನು ಹೋಗುವ ಮಂಡಿಗಳಲ್ಲಿ ಎರಡೆರಡು ಡಿಸ್ಕ್ ಕೊಡಿಸಿದ್ದೇನೆ. ಒಂದು ಅಂಗಡಿಯಲ್ಲಿ, ಒಂದು ಮನೆಯ ಬೀರುವಿನಲ್ಲಿ. ಶನಿವಾರ ಸಂಜೆ ಅದಲು ಬದಲು. ತಿಂಗಳಿಗೊಮ್ಮೆ ಮನೆಯದನ್ನು ತರಿಸಿ, ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ಹೋದ ವಾರದ ಒಂದು ಪಟ್ಟಿ ಹುಡುಕುತ್ತೇನೆ. ದೀಪಾವಳಿ ಮುಗಿದ ಮೇಲೆ ಹೋದಾಗ ಒಂದು ಡಿಸ್ಕ್ ಓಪನ್ನೇ ಆಗಲಿಲ್ಲ. ನೋಡಿದರೆ ಯುಎಸ್‌ಬಿ ತೂತಿನ ತುಂಬ ಕುಂಕುಮ. ಕಿವಿಗೆ ಹಾಕುವ ಹತ್ತಿಕಡ್ಡಿ ತರಿಸಿ ಒರೆಸಿದೆ. ಓಪನ್ ಆಯಿತು.